ಆರು ವರ್ಷದ ಮಹಾರಾಯ

ಕೃಷ್ಣದೇವರಾಯ 1524ರಲ್ಲಿ ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ರಾಯನೇನೂ ಹಣ್ಣಾಗಿರಲಿಲ್ಲ; ರಾಯಚೂರು ಗೆದ್ದು ನಾಲ್ಕೇ ವರ್ಷ. ಆದರೂ ಸಿಂಹಾಸನವನ್ನು ಮಗನಿಗೆ ಬಿಟ್ಟು ತಾನು ಮಂತ್ರಿಯ ಜಾಗದಲ್ಲಿ ಕೂತನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿದ್ದಾನೆ. ಇದನ್ನು ಪುತ್ರವಾತ್ಸಲ್ಯ ಎನ್ನುವವರುಂಟು. ನನಗೆ ಇದರಲ್ಲಿ ಕಾಣುವುದು ಅಂಜಿಕೆ. 1509ರಲ್ಲಿ ರಾಯ ಗದ್ದುಗೆ ಏರಿದ್ದೇ ಒಬ್ಬ ಹುಡುಗನನ್ನು ಬದಿಗೊತ್ತಿ. ಅಣ್ಣ ವೀರನರಸಿಂಹ ಸಾಯುವಾಗ, ತನ್ನ ಎಂಟು ವರ್ಷದ ಮಗನೇ ಅರಸನಾಗಲೆಂದು ತಮ್ಮನ ಕಣ್ಣು ಕೀಳಿಸಲು ಹೇಳಿದನಂತೆ. ಮಂತ್ರಿ ಸಾಳುವ ತಿಮ್ಮರಸು ಆಡಿನ ಕಣ್ಣು ತೋರಿಸಿ ನಂಬಿಸಿದನಂತೆ. ಕಣ್ಣಿನ ಪ್ರಸಂಗ ಕಟ್ಟುಕಥೆಯೇ ಇರಲಿ, ಆ ಹುಡುಗನಿಗಂತೂ ಪಟ್ಟ ದಕ್ಕಲಿಲ್ಲ. ಅವನನ್ನೂ ತನ್ನ ತಮ್ಮಂದಿರನ್ನೂ ರಾಯ ಚಂದ್ರಗಿರಿ ಕೋಟೆಯಲ್ಲಿ ಇರಿಸಿದನೆಂದು ಅದೇ ನೂನಿಜ್ ಹೇಳುತ್ತಾನೆ. ಸತ್ತ ಅರಸನ ಮಾತು ಅರಮನೆಯಲ್ಲಿ ನಡೆಯುವುದಿಲ್ಲವೆಂದು ರಾಯನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅದಕ್ಕೇ ಬದುಕಿದ್ದಾಗಲೇ ಮಗನನ್ನು ಕೂರಿಸಿದ.

ಯುವರಾಜ ಪಟ್ಟ ಹಳೆಯ ವಾಡಿಕೆಯಲ್ಲವೇ, ಇದರಲ್ಲೇನು ವಿಶೇಷ ಎನ್ನಬಹುದು. ಯುವರಾಜ ಸರದಿಗೆ ಕಾಯುವವನು. ತಿರುಮಲನನ್ನಾದರೋ 1524ರ ಶಾಸನಗಳು ಮಹಾರಾಯನೆಂದೇ ಕರೆಯುತ್ತವೆ. ನೂನಿಜ್ ಬರೆದದ್ದು ಹತ್ತು ವರ್ಷದ ಮೇಲೆ, ಊರವರ ಬಾಯಿಂದ ಕೇಳಿ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪಟ್ಟದ ಉತ್ಸವ ಎಂಟು ತಿಂಗಳು ನಡೆಯಿತು, ಅಷ್ಟರಲ್ಲೇ ಮಗು ತೀರಿಕೊಂಡಿತು, ತಿಮ್ಮರಸುವಿನ ಮಗ ವಿಷವಿಕ್ಕಿದನೆಂದು ರಾಯ ನಂಬಿ ಆ ಮಂತ್ರಿಯ ಕಣ್ಣನ್ನೇ ಕೀಳಿಸಿದ ಎನ್ನುವುದೆಲ್ಲ ಅವನ ಮಾತು. ವಿಷದ ಮಾತನ್ನು ನಾನೂ ಪಕ್ಕಕ್ಕಿಡುತ್ತೇನೆ. ಅದಿಲ್ಲದೆಯೂ ವಾದ ನಿಲ್ಲುತ್ತದೆ: ಮಗುವಿನ ತಲೆಗೆ ಕಿರೀಟ ಇಟ್ಟರೆ ಮುಂದೆಂದೋ ಬರಬೇಕಾದ ಗಂಡಾಂತರ ಇಂದೇ ಬಾಗಿಲಿಗೆ ಬರುತ್ತದೆ. ರೋಮಿನಲ್ಲೂ ಹೀಗೇ ಆಯಿತು. ಕೊಲೆಯಾದ ಚಕ್ರವರ್ತಿಯ ಜಾಗಕ್ಕೆ ಬಂದ ಮ್ಯಾಕ್ರಿನಸ್, ಕ್ರಿ.ಶ. 218ರಲ್ಲಿ ಹತ್ತು ವರ್ಷವೂ ತುಂಬದ ಮಗ ಡಯಾಡುಮೆನಿಯನ್‌ನನ್ನು ಸಹಚಕ್ರವರ್ತಿ ಮಾಡಿದ. ಸೈನ್ಯ ತಿರುಗಿಬಿದ್ದಾಗ ಅಪ್ಪನ ಜೊತೆ ಮಗನ ತಲೆಯೂ ಹೋಯಿತು.

ರಾಯ ಪಾಠ ಕಲಿತನೆಂಬುದಕ್ಕೆ ಅವನ ಕೊನೆಯ ತೀರ್ಮಾನವೇ ಸಾಕ್ಷಿ. 1529ರಲ್ಲಿ ಅವನಿಗೆ ಹದಿನೆಂಟು ತಿಂಗಳ ಇನ್ನೊಬ್ಬ ಮಗನಿದ್ದರೂ, ಚಂದ್ರಗಿರಿಯಲ್ಲಿದ್ದ ತಮ್ಮ ಅಚ್ಯುತನನ್ನೇ ವಾರಸುದಾರನೆಂದು ಹೆಸರಿಸಿದ. ಬೆಂಗಳೂರನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿದ್ದು ಆ ಅಚ್ಯುತರಾಯನ ಕಾಲದಲ್ಲೇ.