ಸಡಿಲ ಕಟ್ಟಿನ ಭಯ
ಸೊಟ್ಟಗಾದ ತಾಳೆಗರಿಗೆ ನಾನು ಮೊದಲು ತೇವದ ಹವೆ ಕೊಡುತ್ತೇನೆ. ಮೆತ್ತಗಾದ ಮೇಲೆ ಬ್ಲಾಟಿಂಗ್ ಪೇಪರ್‌ಗಳ ನಡುವೆ ಇಟ್ಟು, ಮೇಲೊಂದು ಗಾಜು, ಅದರ ಮೇಲೆ ಸೀಸದ ಗುಂಡು ತುಂಬಿದ ಬಟ್ಟೆಚೀಲ. ಒಣಗರಿಯ ಮೇಲೆ ಅವಸರದಿಂದ ಭಾರ ಹೇರಿದರೆ ಅದು ಸೀಳಿತೆಂದೇ ಲೆಕ್ಕ.

ಹಳಬರೂ ಗರಿಯನ್ನು ಬೇಯಿಸಿ, ಒಣಗಿಸಿ, ಭಾರದಡಿ ಚಪ್ಪಟೆ ಮಾಡಿದ ಮೇಲೆಯೇ ಬರೆಯುವ ಕಂಟ ಹಿಡಿಯುತ್ತಿದ್ದರು. ಬರೆದಾದ ಮೇಲೆ ಎರಡೂ ಬದಿಗೆ ಮರದ ಹಲಗೆ, ಬಿಗಿಯಾಗಿ ಸುತ್ತಿದ ದಾರ. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ ಎಂದು ಲಿಪಿಕಾರರು ಗ್ರಂಥದ ಕೊನೆಗೆ ಬೇಡುತ್ತಿದ್ದುದು ಬರಿಯ ಭಕ್ತಿಯಲ್ಲ, ಕಸುಬಿನ ಮಾತು. ಮೈಸೂರಿನ ಓರಿಯಂಟಲ್ ಲೈಬ್ರರಿ ಸೇರಿದ ಓಲೆಕಟ್ಟೊಂದರಿಂದಲೇ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ‘ಅರ್ಥಶಾಸ್ತ್ರ’ವನ್ನು ಅಚ್ಚಿಗೆ ತಂದದ್ದು. ಶಾಸ್ತ್ರಿಗಳ ಹೆಸರು ಲೋಕಕ್ಕೇ ಗೊತ್ತು. ನನಗೆ ಮಾತ್ರ ಆ ದಾರ ಬಿಗಿದವನ ಮೇಲೂ ಅಷ್ಟೇ ಗೌರವ.