ಬಲ್ಮಠದ ಮಗ್ಗ, ಜೆಪ್ಪುವಿನ ಹಂಚು: ನಂಬಿಕೆ ದುಡಿಮೆಗಿಳಿದ ಕಾಲ

ಬಾಸೆಲ್ ಮಿಷನ್ ಎಂದೊಡನೆ ಕರಾವಳಿಯವರಿಗೆ ನೆನಪಾಗುವುದು ಕೆಂಪು ಹಂಚು. ಉಳಿದ ಕನ್ನಡಿಗರಿಗೆ ಕಿಟೆಲ್ ನಿಘಂಟು ಮತ್ತು 1843ರ ‘ಮಂಗಳೂರ ಸಮಾಚಾರ’. ಈ ಸಾಧನೆಗಳನ್ನು ನಾವು ಇಷ್ಟು ಸಲ ಹೇಳಿಕೊಂಡಿದ್ದೇವೆಂದರೆ, ಧರ್ಮಪ್ರಚಾರಕ್ಕೆಂದು ಬಂದವರು ಹಂಚು ಸುಡಲು ಯಾಕೆ ಹೊರಟರು ಎಂದು ಕೇಳುವುದನ್ನೇ ಮರೆತಿದ್ದೇವೆ. ಖರ್ಚಿಗೆ ಹಣ ಬೇಕಿತ್ತು ಎಂಬ ಉತ್ತರ ಅರ್ಧ ಸತ್ಯ. ಕ್ರೈಸ್ತನಾದ ಮೇಲೆ ಸೋಮವಾರದಿಂದ ಶನಿವಾರದವರೆಗೆ ಹೇಗೆ ಬದುಕಬೇಕು, ಯಾವುದಕ್ಕಾಗಿ ಬದುಕಬೇಕು ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ತುಳುನಾಡಿನ ಹೊಸ ಕ್ರೈಸ್ತರ ಮುಂದೆ ಬಂದದ್ದು ಪುಸ್ತಕದ ಪ್ರಶ್ನೆಯಾಗಿ ಅಲ್ಲ, ನಾಳೆಯ ಊಟದ ಪ್ರಶ್ನೆಯಾಗಿ. ಅದಕ್ಕೆ ಉತ್ತರ ಹುಡುಕಿದ ಜಾಗ ಮಗ್ಗದ ಮನೆ ಮತ್ತು ಹಂಚಿನ ಕಾರ್ಖಾನೆ. ಆ ಉತ್ತರದಲ್ಲಿ ದೋಷಗಳಿದ್ದವು, ಕೆಲವು ದೊಡ್ಡವೇ. ಆದರೂ ಅದು ಪೊಳ್ಳಾಗಿರಲಿಲ್ಲ ಎಂಬುದು ನನ್ನ ವಾದ.

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ನಾಡಿನ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರ್ ಕೊನೆಯಲ್ಲಿ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. ಅವರನ್ನು ಕಳಿಸಿದ ಸಂಸ್ಥೆ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ್ದು. ಅದರ ಮಿಷನರಿಗಳಲ್ಲಿ ಹೆಚ್ಚಿನವರು ಮಾತ್ರ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಪಯಟಿಸ್ಟ್ ಎಂದು ಕರೆಸಿಕೊಳ್ಳುವ ಆ ಭಕ್ತಿಪಂಥದಲ್ಲಿ ಮನೆಯ ಬೈಬಲ್ ಓದು, ಮಿತವ್ಯಯ, ಕೈಕೆಲಸ ಇವು ಒಂದೇ ಬದುಕಿನ ಭಾಗಗಳು. ಬಾಸೆಲ್‌ನ ತರಬೇತಿ ಮನೆಯಲ್ಲೂ ವಿದ್ಯಾರ್ಥಿಗಳು ಹೀಬ್ರೂ, ಗ್ರೀಕ್ ಓದುವುದರ ಜೊತೆಗೆ ಕೈಕೆಲಸ ಮಾಡಬೇಕಿತ್ತು. ಸುವಾರ್ತೆಯ ಯೇಸು ಬಡಗಿ, ಅಪೊಸ್ತಲ ಪೌಲ ಗುಡಾರ ಹೊಲಿದು ಹೊಟ್ಟೆ ಹೊರೆದವನು ಎಂಬುದು ಅವರಿಗೆ ಬರಿಯ ಕತೆಯಾಗಿರಲಿಲ್ಲ. ತಮ್ಮ ಅಪ್ಪಂದಿರು ಹಾಗೆ ಬದುಕಿದ್ದನ್ನು ಕಂಡವರು ಅವರು. ಕಾಯಕದ ಮಾತನ್ನು ಹನ್ನೆರಡನೆಯ ಶತಮಾನದಲ್ಲೇ ಕೇಳಿದ್ದ ಕನ್ನಡ ನಾಡಿಗೆ ದುಡಿಮೆಯೂ ಭಕ್ತಿಯೂ ಬೇರೆಯಲ್ಲ ಎಂಬುದು ಹೊಸ ವಿಚಾರವೇನಲ್ಲ. ಆದರೆ ಮಿಷನರಿಗಳು ಅದನ್ನು ಇಲ್ಲಿಂದ ಕಲಿತದ್ದಲ್ಲ, ತಮ್ಮ ಹಳ್ಳಿಗಳಿಂದ ತಂದದ್ದು. ಇಲ್ಲಿನ ಸ್ಥಿತಿ ಅದನ್ನು ಬಳಕೆಗೆ ತರಲೇಬೇಕಾದ ಒತ್ತಡ ತಂದಿತು.

ಆ ಸ್ಥಿತಿ ಏನು ಎಂದು ಸ್ವಲ್ಪ ನಿಂತು ನೋಡಬೇಕು. ಕರಾವಳಿಯ ಕ್ರೈಸ್ತ ಸಭೆಗಳಿಗೆ ಹೆಚ್ಚಾಗಿ ಸೇರಿದವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಕುಡಿತವನ್ನು ಪಾಪವೆಂದು ಸಾರುತ್ತಿದ್ದ ಮಿಷನ್ ತನ್ನ ಸಭೆಯವರು ಆ ಕಸುಬಿನಲ್ಲಿ ಮುಂದುವರಿಯುವುದನ್ನು ಒಪ್ಪಲಿಲ್ಲ. ಭೂತಾರಾಧನೆಯ ಕಟ್ಟುಕಟ್ಟಳೆಯಿಂದ ಹೊರಬಂದವನಿಗೆ ಊರಿನ ಒಡೆಯನ ಆಶ್ರಯವೂ ತಪ್ಪುತ್ತಿತ್ತು. ಗೇಣಿ ಭೂಮಿ ಒಡೆಯನ ಮರ್ಜಿಗೆ ಬಿಟ್ಟದ್ದು. ಜಾತಿ ಬಿಟ್ಟವನ ಆಸ್ತಿಯ ಹಕ್ಕು ಹೋಗದು ಎಂದು 1850ರ ಕಾಯ್ದೆ ಹೇಳಿತು, ನಿಜ. ಆದರೆ ಅಳಿಯಕಟ್ಟಿನ ಕುಟುಂಬದಲ್ಲಿ ಆಸ್ತಿ ಇಡೀ ಕುಟುಂಬದ್ದು, ಒಬ್ಬನಿಗೆಂದು ಒಡೆದು ಕೊಡುವ ಪಾಲು ಅಲ್ಲಿರಲಿಲ್ಲ. ಹಾಗಾಗಿ ಕಾಗದದ ಹಕ್ಕು ಕೈಗೆ ಬರುತ್ತಿರಲಿಲ್ಲ. ಕಸುಬು, ಭೂಮಿ, ಮನೆ, ನೆರೆಕರೆ ನಾಲ್ಕನ್ನೂ ಒಟ್ಟಿಗೆ ಕಳೆದುಕೊಂಡವನಿಗೆ ಭಾನುವಾರದ ಪ್ರಸಂಗವೊಂದೇ ಸಾಕಾಗುವುದಿಲ್ಲ. ಸುಮ್ಮನೆ ಅಕ್ಕಿ ಕೊಟ್ಟು ಸಾಕುವುದು ಮಿಷನರಿಗಳಿಗೆ ಒಗ್ಗಲಿಲ್ಲ. ಭಿಕ್ಷೆಯ ಮೇಲೆ ನಿಂತ ನಂಬಿಕೆ ಅವರ ಕಣ್ಣಿಗೆ ನಂಬಿಕೆಯೇ ಅಲ್ಲ.

ಮೊದಲ ಪ್ರಯತ್ನಗಳು ಹೆಚ್ಚಾಗಿ ಸೋತವು. ಗದಗದ ಹತ್ತಿರದ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಮಾಡಿದ ಕೃಷಿ ವಸಾಹತು ನಿಲ್ಲಲಿಲ್ಲ. ಗಡಿಯಾರ ತಯಾರಿ, ಮರಗೆಲಸವನ್ನೂ ಪ್ರಯತ್ನಿಸಿ ನೋಡಿದರು. 1841ರಲ್ಲಿ ಶುರುವಾದ ಕಲ್ಲಚ್ಚಿನ ಮುದ್ರಣಾಲಯ ಗಟ್ಟಿಯಾಗಿ ನಿಂತಿತು, ಆದರೆ ಅದು ಅನ್ನ ಕೊಡಬಹುದಾದ ಕೈಗಳು ಕಡಿಮೆ. 1851ರಲ್ಲಿ ನುರಿತ ನೇಕಾರ ಜಾನ್ ಹಾಲರ್ ಬಂದ ಮೇಲೆ ಮಂಗಳೂರಿನ ಬಲ್ಮಠದ ನೇಯ್ಗೆ ಚೇತರಿಸಿಕೊಂಡಿತು. ಯುರೋಪಿನ ಮಾದರಿಯ ಮಗ್ಗದಲ್ಲಿ ಹಗ್ಗ ಎಳೆದರೆ ಲಾಳಿ ತಾನೇ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ. ಕೈಯಿಂದ ಕೈಗೆ ದಾಟಿಸಬೇಕಿಲ್ಲ, ತೋಳಿನ ಅಳತೆಗಿಂತ ಅಗಲದ ಬಟ್ಟೆಯನ್ನೂ ಒಬ್ಬನೇ ನೇಯಬಹುದು. ಹಾಲರ್ ಸ್ಥಳೀಯ ಬಣ್ಣದ ವಸ್ತುಗಳಿಂದ ಖಾಕಿ ಬಣ್ಣ ಕಟ್ಟಿದ. ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂಬ ನಮ್ಮ ಅಭಿಮಾನದ ಮಾತು ಮಾತ್ರ ಪೂರ್ತಿ ನಿಲ್ಲುವುದಿಲ್ಲ. ವಾಯವ್ಯ ಗಡಿಯ ಗೈಡ್ಸ್ ದಳ 1840ರ ದಶಕದ ಕೊನೆಗೇ ಮಣ್ಣು ಬಣ್ಣದ ಉಡುಪು ತೊಟ್ಟಿತ್ತು. ಬಲ್ಮಠದ ಹೆಚ್ಚುಗಾರಿಕೆ ಬಣ್ಣ ಬಿಡದ, ಬಾಳಿಕೆ ಬರುವ ಬಟ್ಟೆ ಕೊಟ್ಟದ್ದರಲ್ಲಿದೆ. ಅಷ್ಟು ಸಾಕು, ಅದಕ್ಕಿಂತ ಹೆಚ್ಚಿನ ಕಿರೀಟ ಬೇಡ.

ಹಂಚಿನ ಕತೆ ಇನ್ನೂ ಹತ್ತಿರದ್ದು. ಮುದ್ರಣಾಲಯದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರ ಬಲ್ಲವನು ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನಲ್ಲಿ ಯುರೋಪಿನ ಚಪ್ಪಟೆ ಹಂಚು ಮಾಡಬಹುದೆಂದು ಕಂಡುಕೊಂಡ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಮೊದಲಿಗೆ ಮಣ್ಣು ಅರೆಯುವ ಗಾಣ ತಿರುಗಿಸಿದ್ದು ಎತ್ತುಗಳು. ಅರೆದು ಹದ ಮಾಡಿದ ಮಣ್ಣನ್ನು ಅಚ್ಚಿನಲ್ಲಿಟ್ಟು ತಿರುಪಿನ ಯಂತ್ರದಿಂದ ಒತ್ತಬೇಕು, ಅಂಚಿನ ಹೆಚ್ಚುವರಿ ಮಣ್ಣನ್ನು ಕತ್ತರಿಸಬೇಕು, ನೆರಳಿನ ಅಟ್ಟಣೆಗಳಲ್ಲಿ ನಿಧಾನವಾಗಿ ಒಣಗಿಸಬೇಕು, ಆಮೇಲೆ ಗೂಡಿನಲ್ಲಿ ಸೌದೆಯುರಿಯಲ್ಲಿ ದಿನಗಟ್ಟಲೆ ಸುಡಬೇಕು. ಬಿಸಿಲಿಗಿಟ್ಟು ಅವಸರ ಮಾಡಿದರೆ ಹಂಚು ಸೊಟ್ಟಗಾಗುತ್ತದೆ. ಒಂದರ ಅಂಚು ಇನ್ನೊಂದರ ಗೀರಿನಲ್ಲಿ ಕೂರದಿದ್ದರೆ ಆಷಾಢದ ಮಳೆ ನೇರ ಮನೆಯೊಳಗೆ. ಮುಳಿಹುಲ್ಲಿನ ಮಾಡನ್ನು ವರ್ಷ ವರ್ಷವೂ ಹೊದೆಸುತ್ತ, ಬೆಂಕಿಗೆ ಹೆದರುತ್ತ ಬದುಕಿದ ಊರಿಗೆ ಇಂಥ ಹಂಚು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಮಳೆಗಾಲ ಕಂಡವರಿಗೆ ವಿವರಿಸಬೇಕಿಲ್ಲ. ಆಮೇಲೆ ಕುದ್ರೋಳಿ, ಮಲ್ಪೆ, ದಕ್ಷಿಣಕ್ಕೆ ಕಲ್ಲಿಕೋಟೆ, ಫೆರೋಕ್, ಕೊಡಕಲ್, ಪಾಲಕ್ಕಾಡುಗಳಲ್ಲೂ ಗೂಡುಗಳೆದ್ದವು. 1868ರಲ್ಲೇ ಮಂಗಳೂರಿನ ಕ್ಯಾಥೊಲಿಕ್ ಆಲ್ಬುಕರ್ಕ್ ಮನೆತನ ತನ್ನ ಕಾರ್ಖಾನೆ ತೆರೆಯಿತು. ಮಿಷನ್ನಿನ ಕಸುಬು ಹೀಗೆ ಊರಿನ ಕಸುಬಾಯಿತು.

ಕೆಲಸ ಶುರುವಾಗುವ ಮುನ್ನ ಕಾರ್ಖಾನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಭಾನುವಾರ ಯಂತ್ರ ನಿಲ್ಲುತ್ತಿತ್ತು. ಉಳಿತಾಯಕ್ಕೆ, ಕಾಯಿಲೆಗೆ ನಿಧಿಗಳಿದ್ದವು. ಇದನ್ನು ಮಿಷನ್ನಿನ ದಯೆ ಎಂದಷ್ಟೇ ಓದಿದರೆ ತಪ್ಪುತ್ತೇವೆ. ಕಳ್ಳು ಇಳಿಸುವವನ ಮಗ ಮಾಪನ ಓದಲು ಕಲಿತ, ಅಚ್ಚುಮೊಳೆ ಜೋಡಿಸಲು ಕಲಿತ, ತಾನು ಮಾಡಿದ ವಸ್ತು ಕಡಲಾಚೆ ಹೋಗುವುದನ್ನು ಕಂಡ. ಕೆಲಸದ ಲೆಕ್ಕದಲ್ಲಿ ಅವನ ಹೆಸರಿತ್ತು, ಸಭೆಯ ಪುಸ್ತಕದಲ್ಲೂ ಅದೇ ಹೆಸರಿತ್ತು. ಹಗಲು ಮಾಡಿದ ಕೆಲಸದ ನೇರ್ಪನ್ನೂ ಸಂಜೆಯ ಪ್ರಾರ್ಥನೆಯನ್ನೂ ಒಂದೇ ಮಾನದಂಡದಿಂದ ಅಳೆಯುವ ಬದುಕು ಅದು. ಜಾತಿ ಗೊತ್ತುಮಾಡಿದ ಕಸುಬಿನಿಂದ ಹೊರಬಂದವನಿಗೆ, ತನ್ನ ದುಡಿಮೆಯನ್ನು ದೇವರು ನೋಡುತ್ತಾನೆ ಎಂಬ ಮಾತು ಗದ್ದುಗೆಯಿಂದ ಬಿದ್ದ ಉಪದೇಶಕ್ಕಿಂತ ಬೇರೆಯಾಗಿ ಕೇಳಿಸಿರಲೇಬೇಕು.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ, ಮೂರೂ ಗಂಭೀರವಾದವೇ. ಇದು ವಸಾಹತುಕಾಲದ ವ್ಯಾಪಾರ, ಮೇಲೆ ಧರ್ಮದ ಹೊದಿಕೆ ಎಂಬುದು ಮೊದಲನೆಯದು. 1859ರಲ್ಲಿ ಬಾಸೆಲ್‌ನಲ್ಲಿ ಮಿಷನ್ ವ್ಯಾಪಾರ ಕಂಪನಿ ಹುಟ್ಟಿದ್ದು ನಿಜ, ಮಿಷನ್ನಿನ ಕೈಗಾರಿಕಾ ಆಯೋಗದ ಮುಂದಾಳು ಕಾರ್ಲ್ ಸರಾಸಿನ್ ಅಲ್ಲಿನ ರೇಷ್ಮೆ ರಿಬ್ಬನ್ ಉದ್ಯಮಿ ಎಂಬುದೂ ನಿಜ. ಆದರೆ ಹಣ ಹೂಡಿದವರಿಗೆ ಸಿಗುತ್ತಿದ್ದುದು ಮಿತ ಬಡ್ಡಿ, ಹೆಚ್ಚುವರಿ ಲಾಭ ಮಿಷನ್ ಕೆಲಸಕ್ಕೆ. ಅದೇ ಸರಾಸಿನ್ 1855ರಲ್ಲಿ ಶುರುಮಾಡಿದ ವಾರದ ಅರ್ಧ ಬಾಟ್ಸೆನ್ ವಂತಿಗೆಯಲ್ಲಿ ಚಿಲ್ಲರೆ ಕಾಸು ಹಾಕಿದವರು ಸಾಮಾನ್ಯ ಮನೆಗಳವರು. ಲಾಭವೇ ಗುರಿಯಾಗಿದ್ದವರು ಇಷ್ಟು ಸುತ್ತುದಾರಿ ಹಿಡಿಯುವುದಿಲ್ಲ. ಮಿಷನರಿಗಳ ಒಳಗೇ ಈ ಬಗ್ಗೆ ಜಗಳವಿತ್ತು: ಸುವಾರ್ತೆಗೆ ಬಂದವನು ಲೆಕ್ಕದ ಪುಸ್ತಕ ಹಿಡಿಯಬಹುದೇ ಎಂಬ ಸಂಕಟ ಕೊನೆಯವರೆಗೂ ತೀರಲಿಲ್ಲ. ಆ ಸಂಕಟವೇ ಅವರ ಪರವಾದ ಸಾಕ್ಷಿ.

ಅನ್ನಕ್ಕಾಗಿ ಮತ ಬದಲಿಸಿದರು ಎಂಬುದು ಎರಡನೆಯ ಆಕ್ಷೇಪ. ಹೆಚ್ಚು ಕೇಳಿಬರುವುದೂ ಅದೇ. ಕಾಲಕ್ರಮ ಇದಕ್ಕೆ ಅಡ್ಡ ನಿಲ್ಲುತ್ತದೆ. ಮೊದಲ ದೀಕ್ಷಾಸ್ನಾನಗಳಾದಾಗ ಮಗ್ಗವೂ ಇರಲಿಲ್ಲ, ಹಂಚೂ ಇರಲಿಲ್ಲ. ಇದ್ದದ್ದು ನಷ್ಟ ಮಾತ್ರ. ಕಸುಬು ಹೋದದ್ದು ಮೊದಲು, ಕಾರ್ಖಾನೆ ಬಂದದ್ದು ಆಮೇಲೆ. 1844ರಲ್ಲಿ ಮತ್ತಿಬ್ಬರ ಜೊತೆ ಕ್ರೈಸ್ತನಾದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರಿಗೆ ಅನ್ನದ ಕೊರತೆ ಇರಲಿಲ್ಲ. ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದ ಅವರು ಕೊಡಗಿನ ಆನಂದಪುರದಲ್ಲಿ ಹೊಲೆಯ ಕ್ರೈಸ್ತರಿಗೆ ನೆಲೆ ಕಟ್ಟುವ ಮಿಷನರಿ ಮೋಗ್ಲಿಂಗ್‌ರ ಕೆಲಸಕ್ಕೆ ಹೆಗಲು ಕೊಟ್ಟರು. ಕಾರ್ಖಾನೆಗಳು ನಿಂತ ಮೇಲೆ ಕೆಲಸದ ಆಸೆಗೆ ಸಭೆ ಸೇರಿದವರು ಇದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಹುಡುಕಿಕೊಂಡು ಬಂದವನ ನಂಬಿಕೆ ಸುಳ್ಳು ಎಂದು ಹೇಳುವ ಹಕ್ಕು ಹೊಟ್ಟೆ ತುಂಬಿದವರಿಗೆ ಯಾರು ಕೊಟ್ಟರು? ಬಡವನು ಮಾತ್ರ ನಿಷ್ಕಾಮನಾಗಿರಬೇಕು ಎಂಬ ನಿಯಮ ಯಾವ ಧರ್ಮದಲ್ಲೂ ಇಲ್ಲ.

ಮೂರನೆಯ ಆಕ್ಷೇಪಕ್ಕೆ ನಾನು ಪೂರ್ತಿ ಉತ್ತರ ಕೊಡಲಾರೆ, ಯಾಕೆಂದರೆ ಅದು ಬಹುಪಾಲು ಸರಿ. ಧಣಿಯೂ ಪಾದ್ರಿಯೂ ಒಂದೇ ಕೈಯಾಗಿದ್ದ ವ್ಯವಸ್ಥೆ ಅದು. ಕುಡಿದವನಿಗೆ, ಸಭೆಯ ಕಟ್ಟಳೆ ಮೀರಿದವನಿಗೆ ಶಿಕ್ಷೆ ಕೂಲಿಯವರೆಗೂ ತಲುಪಬಹುದಿತ್ತು. ಗಂಟೆಗೆ ತಕ್ಕಂತೆ ಏಳುವುದು, ಕೂರುವುದು, ದುಡಿಯುವುದು ಯುರೋಪಿನ ಶಿಸ್ತು. ಅದನ್ನೇ ಕ್ರೈಸ್ತ ಸದ್ಗುಣ ಎಂದು ಬೋಧಿಸಿದ್ದು ತಪ್ಪು. ಮೇಲಿನ ಹುದ್ದೆಗಳಲ್ಲಿ ಬಹುಕಾಲ ಯುರೋಪಿಯನ್ನರೇ ಕುಳಿತರು. ಮನೆ, ಶಾಲೆ, ಕೆಲಸ, ದೇವಾಲಯ ಎಲ್ಲವನ್ನೂ ಒಂದೇ ಸಂಸ್ಥೆ ಕೊಟ್ಟಾಗ ಮನುಷ್ಯನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಕಿರಿದಾಗುತ್ತದೆ. ನಂಬಿಕೆಯ ಬದುಕಿಗೆ ಆ ಸ್ವಾತಂತ್ರ್ಯ ಬೇಕೇ ಬೇಕು.

ಹಾಗಾದರೆ ಆ ಜನರ ನಂಬಿಕೆ ಅವರದ್ದೇ ಆಗಿತ್ತೋ, ಸಂಸ್ಥೆಯದ್ದೋ ಎಂದು ತಿಳಿಯುವುದು ಹೇಗೆ? ಇತಿಹಾಸ ಇದಕ್ಕೊಂದು ಪರೀಕ್ಷೆ ಒದಗಿಸಿತು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಶತ್ರು ದೇಶದವರಾದರು. ಅವರನ್ನು ಬಂಧನ ಶಿಬಿರಕ್ಕೆ ಒಯ್ದು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳನ್ನು ಸರಕಾರ ವಶಕ್ಕೆ ತೆಗೆದುಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈ ಸೇರಿದವು. ಕೂಲಿ ಕೊಡುವ ಕೈಯೂ ಪ್ರಾರ್ಥನೆ ನಡೆಸುವ ಕೈಯೂ ಅಲ್ಲಿಂದ ಬೇರೆ ಬೇರೆ. ನಂಬಿಕೆ ಬರಿಯ ಕೂಲಿಯ ನೆರಳಾಗಿದ್ದರೆ ಸಭೆಗಳು ಆಗ ಕರಗಬೇಕಿತ್ತು. ಕರಗಲಿಲ್ಲ. ಊರಿನ ಸಭಾಪಾಲಕರು, ಹಿರಿಯರು, ಶಾಲೆಯ ಉಪದೇಶಿಗಳು, ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕನ್ನಡ, ತುಳು ಸಂಗೀತ ಹಾಡಿಸಿದ ಹೆಂಗಸರು ಸಭೆಗಳನ್ನು ನಡೆಸಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ದಕ್ಷಿಣ ಕನ್ನಡದ ಸಭೆಗಳು ಅದರಲ್ಲಿ ಸೇರಿದ್ದು ತಮ್ಮ ಕಾಲ ಮೇಲೆ ನಿಂತ ಸಮುದಾಯವಾಗಿ. ಮೂರನೆಯ ಆಕ್ಷೇಪ ಸಂಸ್ಥೆಯ ಮೇಲೆ ನಿಲ್ಲುತ್ತದೆ, ಆ ದುಡಿದ ಜನರ ಮೇಲೆ ನಿಲ್ಲುವುದಿಲ್ಲ.

ಆ ಜನರ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಹಾಲರ್, ಪ್ಲೆಬ್ಸ್ಟ್, ಕಿಟೆಲ್ ಹೆಸರುಗಳು ಪುಸ್ತಕಗಳಲ್ಲಿವೆ, ಕಿಟೆಲ್‌ಗೆ ಬೆಂಗಳೂರಿನಲ್ಲಿ ಪ್ರತಿಮೆಯೂ ಇದೆ. ಬಾಸೆಲ್‌ನ ದಾಖಲೆ ಮನೆಯಲ್ಲಿರುವ ಹಳೆಯ ಫೋಟೊಗಳಲ್ಲಿ ಮಗ್ಗದ ಮುಂದೆ, ಹಂಚಿನ ರಾಶಿಯ ಮುಂದೆ ನಿಂತವರ ಮುಖಗಳಿವೆ, ಹೆಚ್ಚಿನವಕ್ಕೆ ಹೆಸರಿಲ್ಲ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಹಳೆಯ ಕಾಗದಪತ್ರಗಳಿವೆ. ಅವನ್ನು ಮಿಷನರಿಗಳ ಕತೆಗಾಗಿ ಓದಿದವರು ಅನೇಕರು, ಕಾರ್ಮಿಕರ ಕತೆಗಾಗಿ ಓದಿದವರು ವಿರಳ. ಜೆಪ್ಪು, ಕುದ್ರೋಳಿ, ಮಲ್ಪೆ, ಬಲ್ಮಠಗಳಲ್ಲಿ ಅಜ್ಜ, ಮುತ್ತಜ್ಜಿ ದುಡಿದ ನೆನಪಿರುವ ಮನೆಗಳು ಇನ್ನೂ ಇವೆ. ಅವರ ಹೆಸರು, ಕೆಲಸ, ಸಿಕ್ಕ ಕೂಲಿ, ಅವರು ಓದುತ್ತಿದ್ದ ಬೈಬಲಿನ ಹಾಳೆಯಲ್ಲಿ ಬರೆದಿಟ್ಟ ಹುಟ್ಟು ಸಾವುಗಳ ದಿನಾಂಕ, ಏನೇ ಉಳಿದಿದ್ದರೂ ಆ ಮನೆಯವರು ಈಗಲೇ ಬರೆದಿಡಬೇಕು. ಸಭೆಗಳು ಅದನ್ನು ಒಟ್ಟುಗೂಡಿಸಬೇಕು, ಕನ್ನಡದಲ್ಲಿ ಅಚ್ಚು ಹಾಕಿಸಬೇಕು.