ಒಂದೇ ಸಲ ಹಾಕುವ ನೀರು

ಅಕ್ಕನ ಫೋನ್ ಬಂದಾಗ ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. "ಮಗೂಗೆ ಜ್ಞಾನಸ್ನಾನ ಇಟ್ಕೊಂಡಿದ್ದೀವಿ ಕಣೋ. ನೀನೇ ಜ್ಞಾನಪಿತ. ಶನಿವಾರ ಗಂಜಾಂಗೆ ಬಂದು ಮೇಷ್ಟ್ರ ಹತ್ರ ಕ್ಲಾಸಿಗೆ ಕೂತ್ಕೋಬೇಕಂತೆ" ಅಂದಳು. ನೀರು ಹಾಕೋದು ಮಗುವಿನ ತಲೆಗೆ, ಕ್ಲಾಸು ನನಗ್ಯಾಕೆ ಅಂತ ರೇಗಿತು. ಪಿಡಿಎಫ್ ಇದ್ರೆ ಕಳಿಸು, ಓದ್ಕೋತೀನಿ ಅಂದೆ. ಅಕ್ಕ ಫೋನ್ ಇಟ್ಟುಬಿಟ್ಟಳು.

ಶನಿವಾರ ಹೋದೆ. ಗಂಜಾಂ ಗೊತ್ತಲ್ಲ, ಶ್ರೀರಂಗಪಟ್ಟಣದ ಕೋಟೆಯಿಂದಾಚೆ, ದರಿಯಾ ದೌಲತ್‌ನಿಂದ ನಿಮಿಷಾಂಬಾ ಕಡೆಗೆ ಹೋಗುವ ಊರು. ಪ್ರವಾಸಕ್ಕೆ ಬಂದವರು ಇಲ್ಲಿನ ಹಳೆಯ ಚರ್ಚಿನ ಮುಂದೆ ಕಾರು ನಿಲ್ಲಿಸೋದು ಕಡಿಮೆ. ಉಪದೇಶಿ ಮೇಷ್ಟ್ರು ನಿವೃತ್ತ ಶಿಕ್ಷಕರು, ಪಾಂಡವಪುರದ ಕಡೆಯವರು. ಷರತ್ತುಗಳನ್ನು ಬೆರಳು ಮಡಚಿ ಹೇಳಿದರು. ಜ್ಞಾನಪಿತನಾಗುವವನಿಗೆ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು, ಪರಮಪ್ರಸಾದ ಸ್ವೀಕರಿಸಿರಬೇಕು, ವಹಿಸಿಕೊಳ್ಳುವ ಹೊಣೆಗೆ ತಕ್ಕಂತೆ ಬದುಕುತ್ತಿರಬೇಕು. ಮೊದಲ ಮೂರಕ್ಕೆ ತಲೆಯಾಡಿಸಿದೆ. ನಾಲ್ಕನೆಯದಕ್ಕೆ ಸುಮ್ಮನಾದೆ. ನಾನು ಪಾಪನಿವೇದನೆ ಮಾಡಿ 11 ವರ್ಷ ಆಗಿತ್ತು. "ಮಗು ಪರವಾಗಿ 'ವಿಶ್ವಾಸಿಸುತ್ತೇನೆ' ಅಂತ ಹೇಳೋನು ನೀನು. ಸುಳ್ಳಾಗಬಾರದಲ್ವೇನಪ್ಪಾ?" ಅಂದರು ಮೇಷ್ಟ್ರು. ನನ್ನ ಮುಖ ನೋಡಿ, "ಈ ಚರ್ಚಿನ ಕತೆ ಗೊತ್ತಾ?" ಅಂತ ಶುರು ಮಾಡಿದರು. ಆವತ್ತು ಕೇಳಿದ್ದು ಅರ್ಧ, ಬೆಂಗಳೂರಿಗೆ ವಾಪಸ್ ಬಂದು ಹುಡುಕಿ ಓದಿದ್ದು ಇನ್ನರ್ಧ.

1784. ಇಂಗ್ಲಿಷರ ಜೊತೆ ಎರಡನೇ ಯುದ್ಧ ಮುಗಿಯುತ್ತಿದ್ದ ಹೊತ್ತು. ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಅನುಮಾನ ಟಿಪ್ಪುವಿಗೆ. ಫೆಬ್ರವರಿ ಕೊನೆಯ ವಾರ, ಬೂದಿ ಬುಧವಾರದಂದು ಅವರ ಸೆರೆ ಆರಂಭವಾಯಿತು. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ, 30,000ದಿಂದ 80,000ದವರೆಗೂ ಅಂದಾಜುಗಳಿವೆ. ಪಾದ್ರಿಗಳನ್ನು ಗಡಿಪಾರು ಮಾಡಿದರು. ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ ಬಹಳ ಮಂದಿ ಸತ್ತರು, ಉಳಿದವರಲ್ಲಿ ಬಹಳ ಮಂದಿಯ ಧರ್ಮವನ್ನು ಬಲವಂತದಿಂದ ಬದಲಿಸಲಾಯಿತು. ಟಿಪ್ಪು ಅಂದ ಕೂಡಲೇ ಈಗ ಜಗಳ ಶುರುವಾಗುತ್ತೆ. ಅದೇ ಟಿಪ್ಪುವಿನ ಸೇವೆಯಲ್ಲಿ ಫ್ರೆಂಚ್ ಸಿಪಾಯಿಗಳೂ ಇದ್ದರು. ಅವರು ಬೀಡುಬಿಟ್ಟಿದ್ದ ಜಾಗ ಅಂತಲೇ ಮೇಷ್ಟ್ರ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂದಿದ್ದು. ಜಗಳ ಬೇರೆಯವರಿಗಿರಲಿ. ನನಗೆ ಕಾಡಿದ ಪ್ರಶ್ನೆ ಬೇರೆ: ಪಾದ್ರಿಯೂ ಇಲ್ಲದ, ಚರ್ಚೂ ಇಲ್ಲದ ಸೆರೆಯ ಆ 15 ವರ್ಷ ಸಂಸ್ಕಾರಗಳ ಗತಿ ಏನು?

ಕಥೋಲಿಕರಿಗೆ ಸಂಸ್ಕಾರಗಳು ಏಳು: ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ. ಪಾದ್ರಿಯನ್ನು ತೆಗೆದುಬಿಟ್ಟರೆ ಹೆಚ್ಚಿನವು ನಿಂತೇ ಹೋಗುತ್ತವೆ. ಬಲಿಪೂಜೆ ಇಲ್ಲ, ಪಾಪಕ್ಷಮೆಯ ಮಾತು ಹೇಳುವವರಿಲ್ಲ, ಸಾಯುವವರ ಹಣೆಗೆ ಎಣ್ಣೆ ಇಲ್ಲ. ಮದುವೆಯದು ಇನ್ನೂ ಕಗ್ಗಂಟು. ಗಂಡು ಹೆಣ್ಣಿನ ಒಪ್ಪಿಗೆಯೇ ಅದರ ಜೀವ, ಬಲವಂತದ ಮದುವೆ ಮದುವೆಯೇ ಅಲ್ಲ. ಆದರೆ 1563ರಲ್ಲಿ ಟ್ರೆಂಟ್ ಮಹಾಸಭೆ ಮಾಡಿದ ಕಟ್ಟಳೆ, ಪಾದ್ರಿ ಮತ್ತು ಸಾಕ್ಷಿಗಳ ಮುಂದೆಯೇ ಆಗಬೇಕು ಅನ್ನುತ್ತಿತ್ತು. ಜ್ಞಾನಸ್ನಾನದ ಬಾಗಿಲು ಮಾತ್ರ ಮುಚ್ಚೋದಿಲ್ಲ. ಜೀವ ಹೋಗುವಂಥ ತುರ್ತಿನಲ್ಲಿ ಯಾರು ಬೇಕಾದರೂ, ಕ್ರೈಸ್ತರಲ್ಲದವರೂ, ಸಭೆಯ ಉದ್ದೇಶ ಮನಸ್ಸಿನಲ್ಲಿಟ್ಟುಕೊಂಡು, ತಲೆಗೆ ನೀರು ಹಾಕಿ ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರೆ ಸಾಕು. ಸೆರೆಯಲ್ಲಿ ಎಷ್ಟು ತಾಯಂದಿರು ಹಾಗೆ ಮಾಡಿದರೋ, ಅದು ಯಾವ ರಿಜಿಸ್ಟರಿನಲ್ಲೂ ಬರೆಯುವಂಥದ್ದಲ್ಲ.

1799ರ ಮೇ 4ರಂದು ಪಟ್ಟಣ ಬಿತ್ತು. ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ಇಲ್ಲಿಗೆ ಬಂದವರು ಅಬ್ಬೆ ದುಬುವಾ, ನಮ್ಮವರ ಬಾಯಲ್ಲಿ ಅಬ್ಬೆ ಡುಬಾಯ್. ಫ್ರಾನ್ಸಿನ ಕ್ರಾಂತಿಯ ಕಾಲಕ್ಕೆ, 1792ರಲ್ಲಿ, ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟಿದ್ದ ಯುವಕ. ಇಲ್ಲಿಯವರಂತೆಯೇ ಉಟ್ಟು, ಉಂಡು ಬದುಕಿದರು. ಧರ್ಮ ಬದಲಿಸಬೇಕಾಗಿ ಬಂದವರಲ್ಲಿ 1,800 ಮಂದಿಯನ್ನು ಮರಳಿ ಸೇರಿಸಿಕೊಂಡರು ಅನ್ನುತ್ತಾರೆ ಅವರ ಬಗ್ಗೆ ಬರೆದವರು.

ಇಲ್ಲೇ ನನಗೆ ಕ್ಲಾಸಿನ ಅರ್ಥ ಆಗಿದ್ದು. ಜ್ಞಾನಸ್ನಾನ ಆಗಿದ್ದವರಿಗೆ ಮತ್ತೆ ನೀರು ಹಾಕುವ ಹಾಗಿರಲಿಲ್ಲ. ಅದು ಅಳಿಯದ ಗುರುತು, ಒಂದೇ ಸಲ. ಹೆಸರು ಬದಲಾದರೂ, ಮೈಮೇಲೆ ಬೇರೆ ಗುರುತು ಬಿದ್ದರೂ, 15 ವರ್ಷ ಕಳೆದರೂ ಅಳಿಸೋದಿಲ್ಲ. ಅವರಿಗೆ ಬೇಕಾಗಿದ್ದದ್ದು ಕೂತು ಮಾತಾಡೋದು, ಅಂದರೆ ಪಾಪನಿವೇದನೆ. ನನ್ನದೇ ಒಂದು ಲೆಕ್ಕ ಹಾಕಿದೆ. ತಲೆಗೆ 10 ನಿಮಿಷ ಅಂದರೂ 1,800 ಮಂದಿಗೆ 300 ಗಂಟೆ; ದಿನಕ್ಕೆ 8 ಗಂಟೆ ಕೂತರೂ 37 ದಿನ ಮೀರುತ್ತೆ. ನೀರು ಹಾಕೋದು ಒಂದು ಗಳಿಗೆಯ ಕೆಲಸ. ಕೇಳಿಸಿಕೊಳ್ಳೋಕೆ ಮಾತ್ರ ಹೊತ್ತು ಬೇಕು. ಸಿದ್ಧತೆ ಅಂದರೆ ಪರೀಕ್ಷೆ ಅಂದುಕೊಂಡಿದ್ದೆ ನಾನು. ಅದು ಕಾದು ಕೂರುವವರೊಬ್ಬರು ಇದ್ದಾರೆ ಅನ್ನೋ ಭರವಸೆ.

ಅಬ್ಬೆ ಅಲ್ಲಿಗೇ ನಿಲ್ಲಲಿಲ್ಲ. 1803–04ರಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಕ್ರೈಸ್ತರಿಗೆ ಬೇಸಾಯದ ನೆಲೆ ಕಟ್ಟಿದರು. ಆದರೆ 1823ರಲ್ಲಿ ವಾಪಸ್ ಹೋದಾಗ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು ಅಂತ ಬಹಿರಂಗವಾಗಿಯೇ ಬರೆದರು. ಹೊಸಬರ ಬಗ್ಗೆ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಕಳೆದುಹೋದವರನ್ನು ಮಾತ್ರ ಕೈಬಿಟ್ಟಿರಲಿಲ್ಲ.

ನನ್ನನ್ನು ಯಾರೂ ಸೆರೆ ಹಿಡಿದಿರಲಿಲ್ಲ ಕಣ್ರೀ. ವಾರಾಂತ್ಯ, ಟ್ರಾಫಿಕ್ಕು, ಸೋಮಾರಿತನ, ಅಷ್ಟೇ. ಆ ಜನರ ಜೊತೆ ನನ್ನನ್ನು ಹೋಲಿಸಿಕೊಳ್ಳೋಕೂ ನಾಚಿಕೆ. ಆದರೆ ನಿಯಮ ಇಬ್ಬರಿಗೂ ಒಂದೇ: ನೀರು ಮತ್ತೆ ಹಾಕೋದಿಲ್ಲ, ಬಂದು ಕೂತರೆ ಕೇಳಿಸಿಕೊಳ್ತಾರೆ.

ಎರಡನೇ ಶನಿವಾರ ಕ್ಲಾಸು ಮುಗಿದ ಮೇಲೆ ಮೇಷ್ಟ್ರು, "ಫಾದರ್ ಒಳಗವ್ರೆ" ಅಂದರು, ಅಷ್ಟೇ. ಹೊರಗೆ ಅಕ್ಕ ಮಗುವನ್ನೆತ್ತಿಕೊಂಡು ಹೊಂಗೆ ನೆರಳಲ್ಲಿ ನಿಂತಿದ್ದಳು. "ಎಷ್ಟೊತ್ತಾಗುತ್ತೋ?" ಅಂದಳು.

"11 ವರ್ಷದ್ದಿದೆ. ಸ್ವಲ್ಪ ಕಾಯಿ" ಅಂದು ಒಳಗೆ ಹೋದೆ.